ಆಂಜಿಯೋಗ್ರಾಂಗೆ ಹೊರಡುವ ಮುನ್ನ ಕಿಡ್ನಿಯ ಲೆಕ್ಕವನ್ನೂ ನೋಡಿಕೊಳ್ಳಿ

ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಯಾರಿಗಾದರೂ ಎದೆನೋವು ಬಂದು ‘ಆಂಜಿಯೋಗ್ರಾಂ ಮಾಡಿಸಿ’ ಎಂದು ವೈದ್ಯರು ಬರೆದುಕೊಟ್ಟರೆ, ಆಮೇಲಿನ ಮಾತೆಲ್ಲ ಹೃದಯದ ಸುತ್ತಲೇ. ಎಷ್ಟು ಬ್ಲಾಕ್ ಇರಬಹುದು, ಸ್ಟೆಂಟ್ ಹಾಕುತ್ತಾರೋ ಬೈಪಾಸ್ ಎನ್ನುತ್ತಾರೋ, ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೋ ಇಲ್ಲವೋ, ಹುಬ್ಬಳ್ಳಿಗೆ ಹೋಗುವುದೋ ಬೆಳಗಾವಿಗೋ. ಕಿಡ್ನಿಯ ಸುದ್ದಿ ಬರುವುದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ, ಅದೂ ಸಣ್ಣ ಅಕ್ಷರದ ಒಂದು ಸಾಲಿನಲ್ಲಿ. ಆಗ ಓದುವವರು ಯಾರು?

ಹೃದಯದ ರಕ್ತನಾಳಗಳು ಎಕ್ಸ್‌-ರೇಯಲ್ಲಿ ತಾವಾಗಿ ಕಾಣುವುದಿಲ್ಲ. ಆಂಜಿಯೋಗ್ರಾಂನಲ್ಲಿ ಅವು ಕಾಣಲೆಂದು ಅಯೋಡಿನ್ ಇರುವ ದ್ರಾವಣವೊಂದನ್ನು ಒಳಗೆ ಬಿಡುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ‘ಡೈ’ ಎನ್ನುವುದು ಇದಕ್ಕೇ. ಕೆಲಸ ಮುಗಿದ ಮೇಲೆ ಅದನ್ನು ಹೊರಗೆ ಹಾಕುವ ಹೊಣೆ ಬಹುತೇಕ ಪೂರ್ತಿಯಾಗಿ ಕಿಡ್ನಿಯದು. ಆರೋಗ್ಯವಂತ ಕಿಡ್ನಿ ಒಂದು ದಿನದೊಳಗೆ ಬಹುಪಾಲನ್ನು ಮೂತ್ರದಲ್ಲಿ ಕಳಿಸಿಬಿಡುತ್ತದೆ. ಮೊದಲೇ ಸೊರಗಿದ ಕಿಡ್ನಿಯಲ್ಲಿ ಡೈ ಹೆಚ್ಚು ಹೊತ್ತು ನಿಲ್ಲುತ್ತದೆ, ಅಲ್ಲಿಯ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಸೋಸುವ ಕೊಳವೆಗಳಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ. ಕಿಡ್ನಿಯ ಒಳಭಾಗಕ್ಕೆ ಸಹಜವಾಗಿಯೇ ಆಮ್ಲಜನಕ ಕಡಿಮೆ. ನವಲಗುಂದ, ನರಗುಂದದ ಕಡೆ ಮಲಪ್ರಭಾ ಕಾಲುವೆಯ ಕೊನೆಯಂಚಿನ ಹೊಲ ಇದ್ದಂತೆ ಅದು. ಮೇಲೆ ಹರಿವು ಸ್ವಲ್ಪ ತಗ್ಗಿದರೂ ಮೊದಲು ಒಣಗುವುದು ಅದೇ.

ಇಷ್ಟು ಓದಿ ‘ಹಾಗಾದರೆ ಆಂಜಿಯೋಗ್ರಾಂ ಬೇಡವೇ ಬೇಡ’ ಎಂದು ಯಾರೂ ಕೂರಬಾರದು. ಕಿಡ್ನಿ ಚೆನ್ನಾಗಿರುವವರಿಗೆ ಈ ಅಪಾಯ ಬಹಳ ಕಡಿಮೆ. ತೊಂದರೆ ಆದವರಲ್ಲೂ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಹಿಂದೆ ಡೈ ಮೇಲೆ ಹೊರಿಸುತ್ತಿದ್ದ ಅಪವಾದದಲ್ಲಿ ಒಂದು ಪಾಲು ಹೃದಯಾಘಾತದ್ದೇ, ಕುಸಿದ ರಕ್ತದೊತ್ತಡದ್ದೇ ಎಂಬುದನ್ನು ವೈದ್ಯರು ಈಗ ಒಪ್ಪುತ್ತಾರೆ. ನನ್ನ ತಕರಾರು ಇಷ್ಟೇ: ಕಿಡ್ನಿಯನ್ನು ಕಾಯುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಕ್ಯಾಥ್ ಲ್ಯಾಬ್‌ನ (ಆಂಜಿಯೋಗ್ರಾಂ ಮಾಡುವ ಕೋಣೆಯ) ಹೊರಗೆ, ರೋಗಿಯ ಮನೆಯಲ್ಲಿ ನಡೆಯಬೇಕಾದದ್ದು. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲ ಹೆಜ್ಜೆ: ಕ್ರಿಯೇಟಿನಿನ್ ಅಲ್ಲ, ಇ-ಜಿಎಫ್‌ಆರ್ ಕೇಳಿ

ಆಂಜಿಯೋಗ್ರಾಂಗೆ ಮುನ್ನ ರಕ್ತದಲ್ಲಿ ಕ್ರಿಯೇಟಿನಿನ್ ನೋಡುತ್ತಾರೆ. ವರದಿಯಲ್ಲಿ 1.3 ಎಂದಿದ್ದರೆ, ‘ಸ್ವಲ್ಪ ಮೇಲಿದೆ, ಪರವಾಗಿಲ್ಲ’ ಎಂಬ ಸಮಾಧಾನ ಎಲ್ಲರಿಗೂ. ಆದರೆ ಕ್ರಿಯೇಟಿನಿನ್ ಸ್ನಾಯುಗಳಿಂದ ಬರುವ, ಕಿಡ್ನಿ ಹೊರಹಾಕುವ ವಸ್ತು. ಸಣಕಲು ದೇಹದ ವೃದ್ಧೆಯಲ್ಲಿ ಸ್ನಾಯುವೇ ಕಡಿಮೆ, ಆದ್ದರಿಂದ ಕಿಡ್ನಿ ಅರ್ಧ ಸೋತಿದ್ದರೂ ಅಂಕಿ ಸಭ್ಯವಾಗಿಯೇ ಕಾಣುತ್ತದೆ. ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಿದಾಗ ಸಿಗುವ ಇ-ಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು) ಎಂಬ ಅಂಕಿ ನಿಜವನ್ನು ಹೇಳುತ್ತದೆ. ಈ ಲೆಕ್ಕಕ್ಕೆ ಬಳಸುವ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ಅದೇ 1.3 ಹಾಕಿ ನೋಡಿ: 30 ವರ್ಷದ ಗಂಡಸಿಗೆ ಸುಮಾರು 76 ಬರುತ್ತದೆ, 75 ವರ್ಷದ ಹೆಂಗಸಿಗೆ ಸುಮಾರು 43. ಒಂದೇ ಅಂಕಿ, ಎರಡು ಬೇರೆ ಬೇರೆ ಕಿಡ್ನಿ.

60ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 45ಕ್ಕಿಂತ ಕೆಳಗಿದ್ದರೆ ವೈದ್ಯರೊಡನೆ ಕುಳಿತು ಮಾತಾಡಬೇಕು. 30ಕ್ಕಿಂತ ಕೆಳಗಿದ್ದರೆ ಕಿಡ್ನಿ ತಜ್ಞರನ್ನು ಒಮ್ಮೆ ಕಾಣದೆ, ತುರ್ತಿಲ್ಲದ ಆಂಜಿಯೋಗ್ರಾಂಗೆ ಒಪ್ಪಬೇಡಿ. ಸಕ್ಕರೆ ಕಾಯಿಲೆಯೂ ಕಿಡ್ನಿ ದೌರ್ಬಲ್ಯವೂ ಒಟ್ಟಿಗೆ ಇರುವವರು, ಹೃದಯದ ಪಂಪಿಂಗ್ ಕಡಿಮೆಯಾದವರು, 75 ದಾಟಿದವರು, ರಕ್ತಹೀನತೆ ಇರುವವರು, ವಾಂತಿ-ಭೇದಿಯಿಂದಲೋ ಬೇಸಿಗೆಯ ದುಡಿಮೆಯಿಂದಲೋ ನೀರು ಕಳೆದುಕೊಂಡವರು ಅಂಕಿ ಏನೇ ಇದ್ದರೂ ಎಚ್ಚರದ ಸಾಲಿನಲ್ಲಿ ನಿಲ್ಲಬೇಕು.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಬೇಡ: ಈ ಪರೀಕ್ಷೆ ಈಗಲೇ ಬೇಕೇ, ಡೈ ಇಲ್ಲದೆ ಆಗುವ ಪರೀಕ್ಷೆಯಿಂದ ಕೆಲಸ ನಡೆಯುತ್ತದೆಯೇ? ಎಕೋ, ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ), ಸ್ಟ್ರೆಸ್ ಎಕೋ, ನ್ಯೂಕ್ಲಿಯರ್ ಸ್ಕ್ಯಾನ್ ಇವುಗಳಲ್ಲಿ ಅಯೋಡಿನ್ ಡೈ ಇಲ್ಲ. ಸಿಟಿ ಆಂಜಿಯೋದಲ್ಲಿ ಇದೆ. ‘ಅದು ಬರೀ ಸ್ಕ್ಯಾನ್’ ಎಂದು ತಿಳಿಯಬೇಡಿ. ಕೈಯ ಸಿರೆಯ ಮೂಲಕ ಕೊಡುವುದರಿಂದ ಕಿಡ್ನಿಗೆ ತಲುಪುವಷ್ಟರಲ್ಲಿ ತುಸು ತಿಳಿಯಾಗಿರುತ್ತದೆ ಎಂಬುದು ನಿಜ, ಆದರೆ ಡೈ ಡೈಯೇ.

ಎರಡನೆಯದು: ಗುಳಿಗೆಗಳ ಚೀಲವನ್ನು ಮೇಜಿನ ಮೇಲೆ ಸುರಿಯಿರಿ

‘ಬೇರೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತೀರಾ, ಅಮ್ಮಾ?’ ಎಂದು ವೈದ್ಯರು ಕೇಳುತ್ತಾರೆ. ‘ಇಲ್ಲರೀ ಸಾಹೇಬರೇ, ಬಿಪಿದು, ಸಕ್ಕರೆದು ಅಷ್ಟೇ’ ಎಂದು ಉತ್ತರ ಬರುತ್ತದೆ. ಸುಳ್ಳು ಹೇಳುತ್ತಿಲ್ಲ ಆಕೆ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಕತ್ತರಿಸಿ ಕೊಟ್ಟ ಗುಳಿಗೆ ಎಲೆ-ಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿದೆ. ಸ್ಟ್ರಿಪ್ಪಿನ ಹೆಸರಿದ್ದ ತುದಿ ಅಂಗಡಿಯ ಕತ್ತರಿಗೆ ಹೋಗಿ, ಉಳಿದದ್ದು ಬೆಳ್ಳಿ ಕಾಗದದ ನಾಲ್ಕು ಗುಬ್ಬಿ ಮಾತ್ರ. ಅದನ್ನು ಔಷಧವೆಂದು ಆಕೆ ಎಣಿಸಿಯೇ ಇಲ್ಲ. ಶೇಂಗಾ ಕೀಳುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಇಂಥ ಗುಳಿಗೆ ದಿನಕ್ಕೆರಡು ಹೋಗುವುದು ನಮ್ಮ ಕಡೆ ಅಪರೂಪವೇನಲ್ಲ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೋಕ್ಸೆನ್ ಜಾತಿಯ ನೋವಿನ ಗುಳಿಗೆಗಳು, ಸೊಂಟಕ್ಕೆ ಹಾಕಿಸಿಕೊಳ್ಳುವ ನೋವಿನ ಇಂಜೆಕ್ಷನ್ನುಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಅದರ ಮೇಲೆ ಡೈ ಬಿದ್ದರೆ ಏಟಿನ ಮೇಲೆ ಏಟು. ಕನಿಷ್ಠ ಎರಡು ದಿನ ಮೊದಲೇ ಇವನ್ನು ನಿಲ್ಲಿಸಿ. ನಂತರವೂ ವೈದ್ಯರು ಹೇಳುವವರೆಗೆ ಮುಟ್ಟಬೇಡಿ. ನೋವು ತಾಳಲಾಗದಿದ್ದರೆ ಪ್ಯಾರಸಿಟಮಾಲ್ ಇದೆ, ಆದರೆ ಅಸೆಕ್ಲೋಫೆನಾಕ್ ಬೆರೆಸಿದ ಪ್ಯಾರಸಿಟಮಾಲ್ ಕೂಡ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಹೆಸರು ಓದಿ ತೆಗೆದುಕೊಳ್ಳಿ. ಭಸ್ಮ, ನಾಟಿ ಪುಡಿ ಏನಾದರೂ ನಡೆಯುತ್ತಿದ್ದರೆ ಅದನ್ನೂ ಹೇಳಿ. ಬೈಸಿಕೊಳ್ಳುವ ಭಯಕ್ಕಿಂತ ಮುಚ್ಚಿಟ್ಟ ಔಷಧದ ಅಪಾಯ ದೊಡ್ಡದು.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಗ್ಗೆ ಗೊಂದಲ ಬಹಳ. ಅದು ಕಿಡ್ನಿಯನ್ನು ಕೆಡಿಸುವ ಗುಳಿಗೆಯಲ್ಲ. ಡೈಯಿಂದ ಕಿಡ್ನಿ ಕೈಕೊಟ್ಟರೆ ಮೆಟ್‌ಫಾರ್ಮಿನ್ ಹೊರಹೋಗದೆ ಒಳಗೇ ಉಳಿದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಅದಕ್ಕಾಗಿ ಆಂಜಿಯೋಗ್ರಾಂ ಹೊತ್ತಿಗೆ ನಿಲ್ಲಿಸಿ, 48 ಗಂಟೆಗಳ ನಂತರ ಕ್ರಿಯೇಟಿನಿನ್ ನೋಡಿ ಮತ್ತೆ ಶುರು ಮಾಡಿಸುತ್ತಾರೆ. ನಿಲ್ಲಿಸಿದ್ದು ನೆನಪಿದ್ದು ಶುರು ಮಾಡುವುದು ಮರೆತು, ಸಕ್ಕರೆ ಏರಿಸಿಕೊಂಡವರೂ ಇದ್ದಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಗುಳಿಗೆ ತೆಗೆದುಕೊಳ್ಳುವವರು ಉಪವಾಸದ ದಿನ ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ. ಮೂತ್ರ ಹೆಚ್ಚಿಸುವ ಗುಳಿಗೆ, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆಗಳ ವಿಷಯದಲ್ಲಿ ನಿರ್ಧಾರ ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಅದು ವೈದ್ಯರಿಗೆ ಬಿಟ್ಟದ್ದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಮಾತ್ರ ಸ್ವಂತ ಬುದ್ಧಿಯಿಂದ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಹಳೆಯ ಸ್ಟೆಂಟ್ ಇದ್ದವರಿಗೆ ಇದು ಜೀವದ ಪ್ರಶ್ನೆ.

ಮೂರನೆಯದು: ಹೊಟ್ಟೆ ಖಾಲಿ ಇರಲಿ, ದೇಹ ಒಣಗದಿರಲಿ

‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎನ್ನುತ್ತಾರೆ. ರೋಣದಿಂದಲೋ ಹಾನಗಲ್ಲಿನಿಂದಲೋ ಹೊರಡುವವರು ಅದನ್ನು ಏಕಾದಶಿಯಂತೆ ಪಾಲಿಸುತ್ತಾರೆ. ರಾತ್ರಿ ಎರಡು ರೊಟ್ಟಿ ತಿಂದು ಮಲಗಿದರೆ ಆಮೇಲೆ ಒಂದು ಗುಟುಕು ನೀರೂ ಇಲ್ಲ. ನಸುಕಿನ ಬಸ್ಸು, ಆಸ್ಪತ್ರೆಯ ಸಾಲು, ಕಡತ, ರಕ್ತಪರೀಕ್ಷೆ. ತುರ್ತು ರೋಗಿಯೊಬ್ಬರು ಬಂದರೆ ಸರದಿ ಮತ್ತೆ ಹಿಂದಕ್ಕೆ. ಮಧ್ಯಾಹ್ನ ಎರಡಕ್ಕೆ ಮೇಜಿನ ಮೇಲೆ ಮಲಗುವಾಗ ನೀರು ಕುಡಿಯದೆ ಹದಿನಾರು ಗಂಟೆ ಕಳೆದಿರುತ್ತದೆ. ಏಪ್ರಿಲ್-ಮೇ ತಿಂಗಳಾದರೆ ಕೇಳುವುದೇ ಬೇಡ.

ಕಿಡ್ನಿಗೆ ಇದಕ್ಕಿಂತ ಕೆಟ್ಟ ತಯಾರಿ ಇನ್ನೊಂದಿಲ್ಲ. ಆದ್ದರಿಂದ ಸರದಿಯ ಚೀಟಿ ಕೊಡುವವರನ್ನೇ ಎರಡು ಪ್ರಶ್ನೆ ಕೇಳಿ: ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು? ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು? ಎರಡಕ್ಕೂ ಉತ್ತರ ಒಂದೇ ಆಗಿರಬೇಕಿಲ್ಲ. ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೂ ಬಿಡುವ ಪದ್ಧತಿ ಇದೆ. ಸರದಿ ಮುಂದೆ ಹೋದರೆ ಸುಮ್ಮನೆ ಕೂರದೆ ನರ್ಸ್ ಬಳಿ ಹೋಗಿ ಮತ್ತೆ ಕೇಳಿ. ಹಿಂದಿನ ದಿನ ಎಂದಿನಂತೆ ಚೆನ್ನಾಗಿ ನೀರು, ಮಜ್ಜಿಗೆ ಕುಡಿದಿರಬೇಕು.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಹೃದಯದ ಪಂಪಿಂಗ್ ಕಡಿಮೆ ಇದ್ದು, ‘ದಿನಕ್ಕೆ ಇಷ್ಟೇ ನೀರು’ ಎಂದು ಅಳತೆ ಹಾಕಿಸಿಕೊಂಡವರು, ಕಾಲು ಊದಿಕೊಂಡು ಮಲಗಿದರೆ ಉಸಿರು ಕಟ್ಟುವವರು ಈ ಲೇಖನ ನೋಡಿ ತಂಬಿಗೆ ಎತ್ತಬೇಡಿ. ನಿಮಗೆ ಹೆಚ್ಚಿನ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆಯೇ ರೋಗಿಯನ್ನು ನೋಡಲು ಬರುವವರೆಲ್ಲ ತರುವ ಎಳನೀರು: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ದುರ್ಬಲವಿದ್ದವರಿಗೆ, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೋಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಕಾಣಿಕೆಯಲ್ಲ.

ನಾಲ್ಕನೆಯದು: ಸಲೈನ್ ಬಾಟಲಿಯ ಹನಿ

ಡೈಯಿಂದ ಕಿಡ್ನಿಯನ್ನು ಕಾಯಲು ಆಸ್ಪತ್ರೆಯಲ್ಲಿ ಮಾಡುವ ಮುಖ್ಯ ಕೆಲಸ ಯಾವುದೋ ದುಬಾರಿ ಇಂಜೆಕ್ಷನ್ ಅಲ್ಲ, ಸಾದಾ ಉಪ್ಪುನೀರಿನ ಸಲೈನ್. ಅಪಾಯ ಹೆಚ್ಚಿರುವವರಿಗೆ ತೂಕದ ಪ್ರತಿ ಕಿಲೋಗೆ ಗಂಟೆಗೆ 1 ಮಿಲಿಲೀಟರ್‌ನಂತೆ, ಮೊದಲು ಆರರಿಂದ ಹನ್ನೆರಡು ಗಂಟೆ, ನಂತರವೂ ಅಷ್ಟೇ ಹೊತ್ತು ಕೊಡುವುದು ಹಳೆಯ, ಬಲವಾದ ಕ್ರಮ. ಪಂಪಿಂಗ್ ಕಡಿಮೆ ಇದ್ದವರಿಗೆ ಅದರ ಅರ್ಧ. 60 ಕಿಲೋ ತೂಗುವವರಿಗೆ ಗಂಟೆಗೆ 60 ಮಿಲಿಲೀಟರ್ ಆಯಿತು. 20 ಹನಿಗೆ ಒಂದು ಮಿಲಿಲೀಟರ್ ಆಗುವ ಸೆಟ್ಟಿನಲ್ಲಿ ಅದು ನಿಮಿಷಕ್ಕೆ 20 ಹನಿ, ಅಂದರೆ ಮೂರು ಸೆಕೆಂಡಿಗೆ ಒಂದು. ಅರ್ಧ ಲೀಟರ್ ಬಾಟಲಿ ಮುಗಿಯಲು ಎಂಟು ಗಂಟೆಯ ಮೇಲೆ ಬೇಕು.

ಆ ಎಂಟು ಗಂಟೆ ನೋಡುತ್ತಾ ಕೂರುವುದು ಜೊತೆಗಿದ್ದವರಿಗೆ ಬೇಸರದ ಕೆಲಸ. ‘ಬೇಗ ಮುಗಿದರೆ ಐದರ ಬಸ್ಸು ಸಿಗುತ್ತದೆ’ ಎಂದು ಹನಿಯ ವೇಗ ಹೆಚ್ಚಿಸಲು ಸಲೈನ್ ನಳಿಕೆಯ ಗಾಲಿಯನ್ನು ಮೇಲಕ್ಕೆ ತಿರುಗಿಸುವ ಕೈಗಳು ಎಲ್ಲ ವಾರ್ಡುಗಳಲ್ಲೂ ಇವೆ. ದಯವಿಟ್ಟು ಬೇಡ. ಒಮ್ಮೆಲೇ ಸುರಿದ ನೀರು ಹೃದಯಕ್ಕೆ ಹೊರೆ, ಕಿಡ್ನಿಗೆ ಲಾಭವೂ ಇಲ್ಲ. ಹನಿ ನಿಂತಿದ್ದರೆ, ಕೈ ಊದಿದ್ದರೆ ನರ್ಸನ್ನು ಕರೆಯಿರಿ. ಅಷ್ಟೇ ನಿಮ್ಮ ಕೆಲಸ.

ಕೆಲವೆಡೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ, ನೀರಿಗೆ ಹಾಕಿದರೆ ಬುರುಗು ಬರುವ ಗುಳಿಗೆಯನ್ನು ಇನ್ನೂ ಕೊಡುತ್ತಾರೆ. ಅದರ ಮೇಲೆ ಬಹಳ ಕಾಲ ಭರವಸೆ ಇತ್ತು. 2018ರಲ್ಲಿ ಪ್ರಕಟವಾದ ‘ಪ್ರಿಸರ್ವ್’ ಎಂಬ ದೊಡ್ಡ ಅಧ್ಯಯನ, ಸುಮಾರು ಐದು ಸಾವಿರ ರೋಗಿಗಳನ್ನು ನೋಡಿ, ಆ ಗುಳಿಗೆಯಿಂದಾಗಲಿ ಸೋಡಿಯಂ ಬೈಕಾರ್ಬನೇಟ್‌ನಿಂದಾಗಲಿ ಸಾದಾ ಸಲೈನ್‌ಗಿಂತ ಹೆಚ್ಚಿನ ಪ್ರಯೋಜನವಿಲ್ಲ ಎಂದು ತೋರಿಸಿತು. ಕೊಟ್ಟರೆ ಕುಡಿಯಿರಿ, ಹಾನಿಯೇನಿಲ್ಲ. ಆದರೆ ‘ಕಿಡ್ನಿ ಗುಳಿಗೆ ತೆಗೆದುಕೊಂಡಿದ್ದೇನೆ’ ಎಂದು ಸಲೈನ್ ತಪ್ಪಿಸಬೇಡಿ. ಇನ್ನು ‘ಡೈ ಕೊಟ್ಟ ಮೇಲೆ ಒಂದು ಡಯಾಲಿಸಿಸ್ ಮಾಡಿಸಿಬಿಡಿ, ಎಲ್ಲ ತೊಳೆದು ಹೋಗುತ್ತದೆ’ ಎಂಬ ಸಲಹೆ ಕಟ್ಟೆಯ ಮೇಲೆ ಕೇಳಿಬಂದರೆ ಅಲ್ಲಿಯೇ ಬಿಡಿ. ಮುನ್ನೆಚ್ಚರಿಕೆಯಾಗಿ ಮಾಡುವ ಡಯಾಲಿಸಿಸ್‌ನಿಂದ ಕಿಡ್ನಿ ಉಳಿಯುವುದಿಲ್ಲ.

ಐದನೆಯದು: ಡೈ ಎಷ್ಟು ಎಂದು ಕೇಳುವುದು ನಿಮ್ಮ ಹಕ್ಕು

ಈಗ ಬಳಸುವ ಡೈಗಳು ಹಳೆಯವಕ್ಕಿಂತ ಕಡಿಮೆ ಆಸ್ಮೋಲಾಲಿಟಿಯವು (ಕರಗಿದ ಕಣಗಳ ಪ್ರಮಾಣ ಕಡಿಮೆ ಇರುವಂಥವು). ಅಯೋಹೆಕ್ಸಾಲ್, ಅಯೋಡಿಕ್ಸನಾಲ್ ಮುಂತಾದವು. ಹಳೆಯ ತಲೆಮಾರಿನವಕ್ಕಿಂತ ಎಷ್ಟೋ ವಾಸಿ. ಹಾಗಾಗಿ ಯಾವ ಡೈ ಎಂಬುದಕ್ಕಿಂತ ಎಷ್ಟು ಡೈ ಎಂಬುದು ಮುಖ್ಯ. ಅನೇಕ ಹೃದ್ರೋಗ ತಜ್ಞರು ಪಾಲಿಸುವ ಸರಳ ಲೆಕ್ಕ: ಡೈ ಎಷ್ಟು ಮಿಲಿಲೀಟರ್ ಎಂಬುದು ಇ-ಜಿಎಫ್‌ಆರ್‌ನ ಮೂರು ಪಟ್ಟು ಮೀರಬಾರದು, ಎರಡು ಪಟ್ಟಿನೊಳಗಿದ್ದರೆ ಇನ್ನೂ ಒಳ್ಳೆಯದು. ಮೇಲಿನ ಲೆಕ್ಕದ 75 ವರ್ಷದ ಅಜ್ಜಿಗೆ 43 ಇದ್ದರೆ, 129 ಹೊರಗಿನ ಗಡಿ, 86 ನೆಮ್ಮದಿಯ ಗಡಿ. ಬರೀ ಆಂಜಿಯೋಗ್ರಾಂ ಇದರೊಳಗೆ ಮುಗಿಯುತ್ತದೆ. ಎರಡು-ಮೂರು ಸ್ಟೆಂಟ್ ಹಾಕಲು ಹೊರಟರೆ ಮೀರಿ ಹೋಗಬಹುದು.

ಅದಕ್ಕೇ, ತುರ್ತಿಲ್ಲದಿದ್ದರೆ ‘ಇವತ್ತು ಆಂಜಿಯೋಗ್ರಾಂ ಮಾತ್ರ, ಸ್ಟೆಂಟ್ ಇನ್ನೊಂದು ದಿನ’ ಎಂದು ವೈದ್ಯರು ಹೇಳಿದರೆ ಹಣ ಕೀಳುವ ಉಪಾಯವೆಂದು ತಿಳಿಯಬೇಡಿ. ಕಿಡ್ನಿ ದುರ್ಬಲವಿದ್ದಾಗ ಅದು ಸರಿಯಾದ ನಡೆ. ಹೃದಯದ ಪಂಪಿಂಗ್ ನೋಡಲು ಮತ್ತೆ ಡೈ ಬಿಡುವ ಬದಲು ಎಕೋದಲ್ಲಿ ನೋಡಿದರೆ ಸಾಕಾಗುತ್ತದೆ. ತೊಡೆಸಂದಿಗಿಂತ ಮಣಿಕಟ್ಟಿನ ಮೂಲಕ ಮಾಡುವುದು ಕಿಡ್ನಿಗೂ ಒಳ್ಳೆಯದು, ಸಾಧ್ಯವಿರುವ ಕಡೆ. ಆದರೆ ಮುಂದೆ ಡಯಾಲಿಸಿಸ್ ಬೇಕಾಗಬಹುದು ಎಂದು ಈಗಾಗಲೇ ಹೇಳಿಸಿಕೊಂಡವರು ಅದಕ್ಕಾಗಿ ಕೈಯ ನಾಳ ಉಳಿಸಿಕೊಳ್ಳಬೇಕೇ ಎಂದು ಮೊದಲು ಕೇಳಿ.

ಇನ್ನು ಆಂಜಿಯೋಗ್ರಾಂ ಚಿತ್ರಗಳಿರುವ ಸಿಡಿಯ ವಿಷಯ. ಒಂದು ಊರಿನಲ್ಲಿ ಆಂಜಿಯೋಗ್ರಾಂ ಮಾಡಿಸಿ, ಎರಡನೇ ಅಭಿಪ್ರಾಯಕ್ಕೆಂದು ಮೂರೇ ದಿನದಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ವರದಿಯ ಕಾಗದ ಇದೆ, ಸಿಡಿ ಇಲ್ಲ. ಅಲ್ಲಿಯವರು ಕಾಗದ ನೋಡಿ ಸ್ಟೆಂಟ್ ಹಾಕುತ್ತಾರೆಯೇ? ಮತ್ತೆ ಆಂಜಿಯೋಗ್ರಾಂ, ಮತ್ತೆ ಡೈ, ಕಿಡ್ನಿ ಮೊದಲ ಏಟಿನಿಂದ ಚೇತರಿಸಿಕೊಳ್ಳುವ ಮುಂಚೆಯೇ. ಬಿಡುಗಡೆಯ ದಿನ ಬಿಲ್ಲಿಗಿಂತ ಮೊದಲು ಸಿಡಿ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಡೈ ಹೆಸರು ಮತ್ತು ಪ್ರಮಾಣ ಬರೆಸಿಕೊಳ್ಳಿ.

ಎದೆನೋವು ಈಗಲೇ ಇದ್ದರೆ

ಮೇಲಿನ ಯಾವುದೂ ಬೇಡ. ಹೃದಯಾಘಾತದಲ್ಲಿ ಕ್ರಿಯೇಟಿನಿನ್ ವರದಿಗಾಗಿ, ಸಲೈನ್ ಮುಗಿಯಲೆಂದು ಕಾಯಬಾರದು. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಅವರು ಹೇಳಿದ ಕಡೆಗೆ ಹೊರಡಿ. ಹೃದಯ ನಿಂತರೆ ಕಿಡ್ನಿಗೆ ರಕ್ತ ಕೊಡುವವರು ಯಾರು?

ಕೊನೆಯದು, ಎಲ್ಲರೂ ಬಿಡುವುದು: ಮೂರನೆಯ ದಿನದ ರಕ್ತ

ಡೈಯಿಂದಾದ ಪೆಟ್ಟು ಅಂದೇ ಕಾಣುವುದಿಲ್ಲ. ಕ್ರಿಯೇಟಿನಿನ್ ಏರತೊಡಗುವುದು 24ರಿಂದ 48 ಗಂಟೆಗಳಲ್ಲಿ, ತುದಿ ಮುಟ್ಟುವುದು ಮೂರರಿಂದ ಐದನೆಯ ದಿನಕ್ಕೆ. ಸೋಮವಾರ ಆಂಜಿಯೋಗ್ರಾಂ ಆದವರು ಮಂಗಳವಾರ ಊರಲ್ಲಿರುತ್ತಾರೆ. ಬುಧವಾರ, ಗುರುವಾರ ಅಂಕಿ ಏರುವಾಗ ಅವರು ಮುಂಡರಗಿಯ ಮನೆಯ ಪಡಸಾಲೆಯಲ್ಲಿ ಬಂದವರಿಗೆ ಕೈಯ ಪಟ್ಟಿ ತೋರಿಸುತ್ತಾ ಕುಳಿತಿರುತ್ತಾರೆ. ನೋವಿಲ್ಲ, ಜ್ವರವಿಲ್ಲ, ಅನುಮಾನವೂ ಇಲ್ಲ.

ಎಚ್ಚರದ ಸಾಲಿನಲ್ಲಿರುವವರು 48ರಿಂದ 72 ಗಂಟೆಗಳ ನಡುವೆ ಕ್ರಿಯೇಟಿನಿನ್ ಮಾಡಿಸಲೇಬೇಕು. ಇದಕ್ಕೆ ಹುಬ್ಬಳ್ಳಿಗೆ ಮರಳಿ ಬರಬೇಕಿಲ್ಲ; ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲೋ ಪೇಟೆಯ ಲ್ಯಾಬ್‌ನಲ್ಲೋ ಆಗುವ ಸಣ್ಣ ಪರೀಕ್ಷೆ. ಹೊರಡುವ ಮೊದಲೇ ಎರಡು ವಿಷಯ ಬರೆಸಿಕೊಳ್ಳಿ: ಪರೀಕ್ಷೆಯ ದಿನಾಂಕ, ಫಲಿತಾಂಶವನ್ನು ಯಾರಿಗೆ ಕಳಿಸಬೇಕು ಎಂಬುದು.

ವರದಿ ಬಂದಾಗ ಲ್ಯಾಬ್‌ನವರು ಕೆಂಪಕ್ಷರ ಹಾಕಿದ್ದಾರೋ ಎಂದು ನೋಡಿದರೆ ಸಾಲದು. ಮೊದಲು 0.8 ಇದ್ದದ್ದು 1.2 ಆಗಿದ್ದರೆ ಯಾವ ಕೆಂಪೂ ಇರಲಿಕ್ಕಿಲ್ಲ. ಆದರೆ 48 ಗಂಟೆಯೊಳಗೆ 0.3 ಏರಿದರೆ, ಇಲ್ಲವೇ ವಾರದೊಳಗೆ ಮೊದಲಿನ ಒಂದೂವರೆ ಪಟ್ಟಾದರೆ, ಅದು ಕಿಡ್ನಿಗೆ ಆದ ಪೆಟ್ಟೇ. ಹಳೆಯ ವರದಿಯನ್ನು ಪಕ್ಕದಲ್ಲಿಟ್ಟು ನೋಡಿ. ಒಂದೇ ಲ್ಯಾಬ್‌ನಲ್ಲಿ ಎರಡನ್ನೂ ಮಾಡಿಸಲು ಆದರೆ ಹೋಲಿಕೆ ಇನ್ನಷ್ಟು ಗಟ್ಟಿ.

ಏರಿದ್ದರೆ ಮೆಟ್‌ಫಾರ್ಮಿನ್ ಶುರು ಮಾಡದೆ, ನೋವಿನ ಗುಳಿಗೆ ಮುಟ್ಟದೆ ಅಂದೇ ವೈದ್ಯರಿಗೆ ತಿಳಿಸಿ. ಅವರು ಎರಡು-ಮೂರು ದಿನಕ್ಕೊಮ್ಮೆ ಮತ್ತೆ ನೋಡುತ್ತಾರೆ. ಹೆಚ್ಚಿನವರಲ್ಲಿ ಏಳರಿಂದ ಹದಿನಾಲ್ಕು ದಿನದಲ್ಲಿ ಅಂಕಿ ಇಳಿಯುತ್ತದೆ. ಡಯಾಲಿಸಿಸ್‌ವರೆಗೆ ಹೋಗುವವರು ವಿರಳ. ಮೂತ್ರ ತೀರಾ ಕಡಿಮೆಯಾದರೆ (60 ಕಿಲೋದವರಿಗೆ ಆರು ಗಂಟೆಯಲ್ಲಿ 180 ಮಿಲಿಲೀಟರ್ ಕೂಡ ಇಲ್ಲದಿದ್ದರೆ), ಮುಖ-ಕಾಲು ಊದಿದರೆ, ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ ಪರೀಕ್ಷೆಯ ದಿನಕ್ಕೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಇ-ಜಿಎಫ್‌ಆರ್ ಮಾಡಿಸಿ. ಆಗಲೂ 60ಕ್ಕಿಂತ ಕೆಳಗೇ ಇದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಪರಿಗಣಿಸಿ ಚಿಕಿತ್ಸೆ ನಡೆಯಬೇಕು. ಆ ವರದಿಯನ್ನು ಆಂಜಿಯೋಗ್ರಾಂ ಸಿಡಿಯ ಜೊತೆಗೇ ಇಡಿ. ಮುಂದೆ ಹೊಟ್ಟೆಗೋ ತಲೆಗೋ ಸಿಟಿ ಸ್ಕ್ಯಾನ್ ಬರೆದುಕೊಟ್ಟರೆ, ಡೈ ಹಾಕುವ ಮುನ್ನ ಮೊದಲು ತೋರಿಸಬೇಕಾದ ಕಾಗದ ಅದೇ.